ತಿರುವಿನಾಚೆಯ ಗಾಡಿ ಯಾರದ್ದು ಅಂತ ಹಳ್ಳಿಯವರಿಗೆ ಹೇಗೆ ಗೊತ್ತಾಗುತ್ತದೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿಮನೆಗಳಿಗೆ ಪೇಟೆಯಿಂದ ನೆಂಟರು ಬಂದಾಗ ಒಂದು ಸಂಗತಿ ಅವರಿಗೆ ಬೇಗ ಕಣ್ಣಿಗೆ ಬೀಳುತ್ತದೆ. ಜಗಲಿಯಲ್ಲಿ ಕೂತು ಮಾತಾಡುತ್ತಾ ಇರುವಾಗ ಮನೆಯವರು ನಡುವೆ ಸುಮ್ಮನಾಗುತ್ತಾರೆ. "ಡೈರಿ ಗಾಡಿ ಇವತ್ತು ತಡ ಮಾಡಿದ" ಅನ್ನುತ್ತಾರೆ. ಮತ್ತೆ ಮಾತು ಮುಂದುವರಿಯುತ್ತದೆ. ನೆಂಟರಿಗೆ ಯಾವ ಗಾಡಿಯ ಸದ್ದೂ ಕೇಳಿಸಿರುವುದಿಲ್ಲ. ಎರಡು ಮೂರು ನಿಮಿಷ ಬಿಟ್ಟು ನಿಜವಾಗಿಯೂ ಹಾಲಿನ ಗಾಡಿ ರಸ್ತೆಯಲ್ಲಿ ಹಾದುಹೋಗುತ್ತದೆ.

ಇದಕ್ಕೆ "ಹಳ್ಳಿಯವರ ಕಿವಿ ಚುರುಕು" ಅಂತ ಹೇಳಿ ಮುಗಿಸುವವರಿದ್ದಾರೆ. "ಮಾಡಲು ಬೇರೆ ಕೆಲಸ ಇಲ್ಲ, ಅದಕ್ಕೇ ರಸ್ತೆ ಕಾಯುತ್ತಾರೆ" ಅಂತ ನಗುವವರೂ ಇದ್ದಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಅದೇ ಅಜ್ಜಿಯನ್ನು ಕರೆದುಕೊಂಡು ಹೋಗಿ ಬೆಂಗಳೂರಿನ ಮಾಗಡಿ ರಸ್ತೆ ಪಕ್ಕದ ಮನೆಯಲ್ಲಿ ಇಟ್ಟರೆ, ಬಾಗಿಲಿಗೆ ಬಂದು ನಿಂತ ಆಟೋ ಕೂಡ ಗೊತ್ತಾಗುವುದಿಲ್ಲ. ಪೇಟೆಯ ನೆಂಟರು ಒಂದು ಮಳೆಗಾಲ, ಒಂದು ಚಳಿಗಾಲ ಹಳ್ಳಿಯಲ್ಲೇ ಉಳಿದರೆ ಅವರೂ "ಇದು ಗ್ಯಾಸ್ ಗಾಡಿ" ಅನ್ನತೊಡಗುತ್ತಾರೆ. ಕಿವಿ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ಸುತ್ತ ಎಷ್ಟು ಸದ್ದಿದೆ, ದಿನಕ್ಕೆ ಎಷ್ಟು ಗಾಡಿ ಓಡಾಡುತ್ತವೆ, ಅವುಗಳಲ್ಲಿ ಎಷ್ಟು ಮೊದಲೇ ಗೊತ್ತಿರುವವು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೊದಲು ಸದ್ದಿನ ಲೆಕ್ಕ ನೋಡೋಣ. ಸ್ವಲ್ಪ ಗಣಿತ ಇದೆ, ಆದರೆ ಕಷ್ಟದ್ದಲ್ಲ.

ಗಾಡಿಗಳ ಸದ್ದನ್ನು ಪರೀಕ್ಷೆ ಮಾಡುವವರು ಸಾಮಾನ್ಯವಾಗಿ 7.5 ಮೀಟರ್ ದೂರದಲ್ಲಿ ಮೈಕ್ ಇಟ್ಟು ಅಳೆಯುತ್ತಾರೆ. ಒಂದು ಬೈಕ್ ಅಲ್ಲಿ 75 ಡೆಸಿಬೆಲ್ ಸದ್ದು ಮಾಡುತ್ತದೆ ಅಂತ ಇಟ್ಟುಕೊಳ್ಳಿ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಕಡಿಮೆ ಆಗುತ್ತಾ ಹೋಗುತ್ತದೆ. 15 ಮೀಟರಿಗೆ 69, 30 ಮೀಟರಿಗೆ 63, 60 ಮೀಟರಿಗೆ 57. ಹೀಗೇ ಎಣಿಸುತ್ತಾ ಹೋದರೆ 240 ಮೀಟರಿನಲ್ಲಿ 45 ಉಳಿಯುತ್ತದೆ, ಒಂದು ಕಿಲೋಮೀಟರಿನ ಹತ್ತಿರ 33. ಇನ್ನು ನಮ್ಮ ಸುತ್ತ ಇರುವ ಹಿನ್ನೆಲೆ ಸದ್ದು ಎಷ್ಟು? ಪೇಟೆಯ ಗಿಜಿಗಿಜಿ ರಸ್ತೆ ಪಕ್ಕ ಅದು 60, 70 ಇರುತ್ತದೆ. ಅಲ್ಲಿ ಈ ಬೈಕ್ ನಲವತ್ತು ಐವತ್ತು ಮೀಟರ್ ದಾಟುವಷ್ಟರಲ್ಲೇ ಉಳಿದ ಗದ್ದಲದಲ್ಲಿ ಮುಳುಗಿಹೋಗುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ರಾತ್ರಿ ಮಿತಿ 45 ಡೆಸಿಬೆಲ್. ಅಂದರೆ ನಿಯಮವನ್ನು ಚಾಚೂ ತಪ್ಪದೆ ಪಾಲಿಸುವ ಬಡಾವಣೆಯಲ್ಲೂ (ಅಂಥದ್ದೊಂದು ಇದ್ದರೆ) ಬೈಕ್ ಕಾಲು ಕಿಲೋಮೀಟರಿನಾಚೆಗೆ ಕೇಳಿಸುವುದು ಕಷ್ಟ. ಗಾಳಿಯಿಲ್ಲದ ರಾತ್ರಿ ಹಳ್ಳಿಮನೆಯ ಅಂಗಳದಲ್ಲಿ ಹಿನ್ನೆಲೆ ಸದ್ದು 25, 30ಕ್ಕೆ ಇಳಿದಿರುತ್ತದೆ. ಅಲ್ಲಿ ಅದೇ ಬೈಕ್ ಒಂದು ಕಿಲೋಮೀಟರಿನಿಂದಲೇ ಸಣ್ಣಗೆ ಕೇಳುತ್ತದೆ.

ಇದನ್ನು ಸಮಯಕ್ಕೆ ಬದಲಾಯಿಸಿ ನೋಡಿ. ತಿರುವು ಮುರುವಿನ ರಸ್ತೆಯಲ್ಲಿ ಗಾಡಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದರೆ ನಿಮಿಷಕ್ಕೆ ಅರ್ಧ ಕಿಲೋಮೀಟರ್ ಆಯಿತು. ಪೇಟೆಯವರಿಗೆ ಆರು ಸೆಕೆಂಡ್ ಮೊದಲು ತಿಳಿಯುವ ಗಾಡಿ ಹಳ್ಳಿಯವರಿಗೆ ಎರಡು ನಿಮಿಷ ಮೊದಲು ತಿಳಿಯುತ್ತದೆ. ಎರಡು ನಿಮಿಷ ಅಂದರೆ ತುಂಬಾ ಆಯ್ತು. ಅಷ್ಟು ಹೊತ್ತಲ್ಲಿ ಒಲೆ ಮೇಲೆ ಇನ್ನೊಂದು ಲೋಟ ನೀರು ಇಡಬಹುದು, ಒಣಹಾಕಿದ ಬಟ್ಟೆ ಎಳೆದುಕೊಳ್ಳಬಹುದು, ಯಾರಿರಬಹುದು ಅಂತ ಚರ್ಚೆಯನ್ನೂ ಮಾಡಬಹುದು.

ಈ ಲೆಕ್ಕ ಬಯಲಿನದ್ದು. ಮಲೆನಾಡಿನಲ್ಲಿ ನಡುವೆ ಗುಡ್ಡ, ಕಾಡು, ದರೆ ಎಲ್ಲ ಇರುವುದರಿಂದ ಹಗಲಲ್ಲಿ ಇಷ್ಟು ದೂರ ಕೇಳಿಸದೆ ಇರಬಹುದು. ಆದರೆ ರಾತ್ರಿ ಇನ್ನೊಂದು ಸಂಗತಿ ನಡೆಯುತ್ತದೆ, ಅದು ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಭಾಗ.

ಶಬ್ದ ಬಿಸಿಗಾಳಿಯಲ್ಲಿ ವೇಗವಾಗಿ, ತಂಪುಗಾಳಿಯಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಗಲಲ್ಲಿ ಬಿಸಿಲಿಗೆ ನೆಲ ಕಾಯುತ್ತದೆ, ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದ್ದು ತಂಪು. ಆಗ ಶಬ್ದದ ಅಲೆ ತಂಪಿನ ಕಡೆಗೆ, ಅಂದರೆ ಮೇಲಕ್ಕೆ ಬಾಗುತ್ತದೆ. ಗಾಡಿಯ ಸದ್ದು ನಮ್ಮ ತಲೆಯ ಮೇಲಿಂದ ಹಾರಿಹೋಗುತ್ತದೆ ಅಂತ ಹೇಳಬಹುದು. ಮೋಡವಿಲ್ಲದ ಚಳಿಗಾಲದ ರಾತ್ರಿ ಇದು ಉಲ್ಟಾ ಆಗುತ್ತದೆ. ನೆಲ ಬೇಗ ತಣಿಯುತ್ತದೆ, ತಂಪುಗಾಳಿ ಭಾರವಾಗಿ ಕೆಳಗೆ ಕೂರುತ್ತದೆ, ಬೆಚ್ಚಗಿನ ಗಾಳಿ ಅದರ ಮೇಲೆ ಮುಚ್ಚಳದ ಹಾಗೆ ನಿಲ್ಲುತ್ತದೆ. ಈಗ ಶಬ್ದ ಮೇಲೆ ಹೋದರೂ ಬಾಗಿ ಕೆಳಗೆ ಬರುತ್ತದೆ. ಗುಡ್ಡದ ಅಡ್ಡ ಇದ್ದರೂ ಅದನ್ನು ಹಾರಿ ಆಚೆ ಇಳಿಯುತ್ತದೆ. ಮಲೆನಾಡಿನಲ್ಲಿ ಅಡಿಕೆ ತೋಟಗಳು ಇರುವುದು ಕಣಿವೆಯ ತಗ್ಗಿನಲ್ಲಿ, ಮನೆಗಳು ತೋಟದ ಅಂಚಿನಲ್ಲಿ. ತಂಪುಗಾಳಿ ಬಂದು ತುಂಬಿಕೊಳ್ಳುವುದೂ ಅದೇ ತಗ್ಗಿನಲ್ಲಿ. ಹಾಗಾಗಿ ಹಗಲೆಲ್ಲಾ ಕೇಳದ ಹೆದ್ದಾರಿಯ ಲಾರಿ ಡಿಸೆಂಬರಿನ ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯಲ್ಲೇ ಏರು ಹತ್ತಿದ ಹಾಗೆ ಕೇಳುತ್ತದೆ.

ಇದನ್ನು ಗುರುತಿಸಲು ಸುಲಭದ ದಾರಿಯೂ ಇದೆ. ಸಂಜೆ ಬಚ್ಚಲ ಒಲೆಯ ಹೊಗೆ ನೋಡಿ. ಅದು ನೆಟ್ಟಗೆ ಮೇಲೆ ಹೋಗದೆ ತೋಟದ ಮೇಲೆ ಚಾಪೆ ಹಾಸಿದಂತೆ ಅಡ್ಡಡ್ಡ ಹರಡಿಕೊಂಡರೆ, ಆ ರಾತ್ರಿ ದೂರದ ಗಾಡಿಗಳೆಲ್ಲಾ ಕೇಳುತ್ತವೆ. ಹೊಗೆಯನ್ನು ತಡೆದ ಬೆಚ್ಚಗಿನ ಗಾಳಿಯ ಪದರವೇ ಸದ್ದನ್ನೂ ಕೆಳಗೆ ಬಾಗಿಸುತ್ತದೆ.

ದೂರದಿಂದ ಬರುವಾಗ ಸದ್ದು ಇಡಿಯಾಗಿ ಬರುವುದಿಲ್ಲ. ಕೀರಲು ಸದ್ದನ್ನು ಗಾಳಿ ಬೇಗ ನುಂಗುತ್ತದೆ, ಎಲೆ ಗಿಡ ಚದುರಿಸುತ್ತವೆ. ದಪ್ಪ ಸದ್ದು ಮಾತ್ರ ಕಿಲೋಮೀಟರುಗಟ್ಟಲೆ ಉಳಿದುಕೊಳ್ಳುತ್ತದೆ. ಹಾಗಾಗಿ ಮೊದಲು ಬರುವುದು ಇಂಜಿನ್ನಿನ ಗುಂಯ್ ಅನ್ನುವ ಒಂದು ಎಳೆ. ಹತ್ತಿರ ಬಂದ ಮೇಲೆ ಟಯರಿನ ಸದ್ದು, ಆಮೇಲೆ ತಗಡು ಅಲುಗಾಡುವುದು, ಚೈನು, ಬ್ರೇಕು. ಜೀರುಂಡೆಗಳು ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದರೂ ಗಾಡಿ ಕೇಳಿಸುತ್ತದಲ್ಲ, ಅದಕ್ಕೂ ಇದೇ ಕಾರಣ. ಜೀರುಂಡೆ ಕೂಗುವುದು ಸಾವಿರಾರು ಹರ್ಟ್ಝ್ (ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಅಳತೆ) ಮಟ್ಟದಲ್ಲಿ, ಇಂಜಿನ್ ಗುಂಯ್‌ಗುಡುವುದು ಬಹುಪಾಲು ಇನ್ನೂರು ಹರ್ಟ್ಝ್‌ಗಿಂತ ಕೆಳಗೆ. ಒಂದು ಇನ್ನೊಂದನ್ನು ಅಷ್ಟಾಗಿ ಮುಚ್ಚುವುದಿಲ್ಲ. ಮಳೆ ಹಾಗಲ್ಲ, ಅದರ ಸದ್ದು ಎಲ್ಲ ಮಟ್ಟದಲ್ಲೂ ಹರಡಿರುತ್ತದೆ. ಆಗುಂಬೆ ಸುತ್ತಮುತ್ತ ಜುಲೈನಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಜೀಪು ಅಂಗಳಕ್ಕೆ ಬಂದು ನಿಂತರೂ ಒಳಗಿದ್ದವರಿಗೆ ಗೊತ್ತಾಗುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಈ ಊರುಗಳೂ ಮಾಗಡಿ ರಸ್ತೆಯಂತೆಯೇ ಕಿವುಡು, ಅಷ್ಟೇ.

ಈಗ ಗುರುತು ಹಿಡಿಯುವ ವಿಷಯ. "ಗಾಡಿ ಬಂತು" ಅನ್ನುವುದು ಒಂದು ಹಂತ, "ಓಮ್ನಿ ಬಂತು" ಅನ್ನುವುದು ಇನ್ನೊಂದು.

ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ, ಇಂಜಿನ್ ಸದ್ದಿನ ಮೂಲ ಸಿಲಿಂಡರಿನೊಳಗೆ ಆಗುವ ಪುಟ್ಟ ಪುಟ್ಟ ಸ್ಫೋಟಗಳು. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಸಿಡಿಯುತ್ತದೆ, ಟೂ ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಮಾಮೂಲಿ ಸ್ಪ್ಲೆಂಡರ್ ಸೆಕೆಂಡಿಗೆ 25 ಸಲ ಸಿಡಿದರೆ, ಹಳೇ ಯಮಹಾ ಆರ್‌ಎಕ್ಸ್ 100 ಸೆಕೆಂಡಿಗೆ 50 ಸಲ. ಅದರ ಕೂಗು ಬೇರೆಯೇ ಆಗಿ ಕೇಳುವುದು ಅದಕ್ಕೆ. 1985ರಿಂದ 1996ರ ತನಕ ತಯಾರಾದ ಆ ಬೈಕ್ ಈಗಲೂ ಊರಲ್ಲಿ ಒಂದಾದರೂ ಉಳಿದಿರುತ್ತದೆ, ಅದು ಯಾರ ಮನೆಯಿಂದ ಹೊರಟಿತು ಅಂತ ಇಡೀ ಊರಿಗೇ ಗೊತ್ತಾಗುತ್ತದೆ. ಬುಲೆಟ್ ನಿಂತಲ್ಲೇ ಉರಿಯುವಾಗ 900 ಸುತ್ತು ತಿರುಗಿದರೆ ಸೆಕೆಂಡಿಗೆ ಏಳೆಂಟು ಸಿಡಿತ. ಒಂದೊಂದು ಸಿಡಿತವೂ ಬಿಡಿಬಿಡಿಯಾಗಿ ಕೇಳುವಷ್ಟು ನಿಧಾನ, ಅದೇ ಆ ಡುಗುಡುಗು. ಕಾರುಗಳಲ್ಲಿ ಮೂರು, ನಾಲ್ಕು ಸಿಲಿಂಡರ್ ಇರುವುದರಿಂದ ಸಿಡಿತಗಳು ಒಂದಕ್ಕೊಂದು ಸೇರಿಕೊಂಡು ನುಣ್ಣಗೆ ಕೇಳುತ್ತವೆ. ಮೂರು ಸಿಲಿಂಡರಿನದ್ದು ಸ್ವಲ್ಪ ಒರಟು. ಮಾರುತಿ 800 ಮತ್ತು ಓಮ್ನಿ ಎರಡರಲ್ಲೂ ಇದ್ದದ್ದು ಅದೇ 796 ಸಿಸಿಯ ಮೂರು ಸಿಲಿಂಡರ್ ಇಂಜಿನ್. ಡೀಸೆಲ್ ಗಾಡಿಯಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ, ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಅದರೊಳಗೆ ಎಣ್ಣೆ ಚಿಮ್ಮಿಸಿದಾಗ ತಟ್ಟನೆ ಹೊತ್ತಿಕೊಳ್ಳುತ್ತದೆ. ಆ ತಟ್ಟನೆ ಏರುವ ಒತ್ತಡವೇ ಕಟಕಟ ಅನ್ನುವ ಬಡಿತ. ಇದನ್ನೆಲ್ಲಾ ಯಾರೂ ಲೆಕ್ಕ ಹಾಕುವುದಿಲ್ಲ. ಕಿವಿ ಸುಮ್ನೆ ಕೇಳಿ ಕೇಳಿ ಕಲಿತಿರುತ್ತದೆ.

ಆದರೆ ಒಂದೇ ಊರಿನಲ್ಲಿ ಹತ್ತು ಸ್ಪ್ಲೆಂಡರ್ ಇದ್ದರೆ? ಇಂಜಿನ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆಗ ಗುರುತು ಸಿಗುವುದು ಓಡಿಸುವವನ ಅಭ್ಯಾಸದಿಂದ. ಏರು ಶುರುವಾಗುವ ಮೊದಲೇ ಗೇರ್ ಇಳಿಸುವವರಿದ್ದಾರೆ, ಗಾಡಿ ಕೆಮ್ಮಿ ನಿಲ್ಲುವ ತನಕ ಮೂರನೇ ಗೇರಿನಲ್ಲೇ ಎಳೆಯುವವರಿದ್ದಾರೆ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡುವವರೂ ಇದ್ದಾರೆ. ಗೇರ್ ಇಲ್ಲದ ಸ್ಕೂಟರ್ ಏರಿನಲ್ಲೂ ಒಂದೇ ರಾಗ ಎಳೆಯುವುದರಿಂದ ಬೇಗ ತಿಳಿಯುತ್ತದೆ. ಒಬ್ಬನ ಬೈಕಿನ ಚೈನು ಸಡಿಲ, ಇನ್ನೊಬ್ಬನ ಸೈಲೆನ್ಸರಿಗೆ ತುಕ್ಕು ಹಿಡಿದು ತೂತು, ಮತ್ತೊಬ್ಬ ಹಾಲಿನ ಕ್ಯಾನ್ ಕಟ್ಟಿಕೊಂಡಿರುತ್ತಾನೆ. ಕ್ಯಾನ್ ತುಂಬಿದ್ದರೆ ಒಂದು ಸದ್ದು, ಡೈರಿಗೆ ಹಾಕಿ ಖಾಲಿ ಕ್ಯಾನಿನ ಜೊತೆ ವಾಪಸ್ ಬರುವಾಗ ಇನ್ನೊಂದು. ಗ್ಯಾಸ್ ಗಾಡಿಯ ಸಿಲಿಂಡರುಗಳೂ ಹಾಗೇ.

"ಇದು ನಮ್ಮ ಕಡೆಯವನಲ್ಲ ತಮ್ಮಾ, ಮೋರಿ ಹತ್ರ ಬ್ರೇಕ್ ಹಾಕಿದ" ಅಂತ ಒಬ್ಬ ಅಜ್ಜಿ ಮೊಮ್ಮಗನಿಗೆ ಹೇಳಿದರೆ ಅದರಲ್ಲಿ ಪವಾಡ ಏನೂ ಇಲ್ಲ. ಊರಿನವರಿಗೆ ಮೋರಿಯ ಪಕ್ಕದ ಗುಂಡಿ ಎಲ್ಲಿದೆ ಅಂತ ಗೊತ್ತು, ಅವರು ಬಲಕ್ಕೆ ಒತ್ತಿಕೊಂಡು ಹಾಗೇ ಹೋಗುತ್ತಾರೆ. ಹೊಸಬ ಗುಂಡಿ ಕಂಡ ಮೇಲೆ ಬ್ರೇಕ್ ಒತ್ತುತ್ತಾನೆ. ಹೀಗೆ ರಸ್ತೆಯೇ ಗಾಡಿಗಳನ್ನು ಮಾತಾಡಿಸುತ್ತದೆ. ಟಾರ್ ಮುಗಿದು ಕಡಿ ರಸ್ತೆ ಶುರುವಾಗುವ ಜಾಗ, ಹಂಪ್, ಮರದ ಸಂಕ, ಕಾಂಕ್ರೀಟ್ ಹಾಕಿದ ಏರು, ಎಲ್ಲ ಕಡೆಯೂ ಟಯರಿನ ಸದ್ದು ಬದಲಾಗುತ್ತದೆ. ಆ ಜಾಗಗಳ ಸರಣಿ ಊರವರಿಗೆ ಬಾಯಿಪಾಠ. ಹಾಗಾಗಿ ಗಾಡಿ ಈಗ ಎಲ್ಲಿದೆ, ನೇರ ಹೋಗುತ್ತದೋ ನಮ್ಮ ದಾರಿಗೆ ತಿರುಗುತ್ತದೋ ಅನ್ನುವುದೂ ತಿಳಿಯುತ್ತದೆ. ತಿರುಗಿದರೆ ಸದ್ದು ತಗ್ಗಿ ಇಂಜಿನ್ ಸಣ್ಣಗಾಗುತ್ತದೆ, ಸ್ವಲ್ಪ ಹೊತ್ತಿಗೆ ದಣಪೆಯ, ಅಂದರೆ ಮನೆದಾರಿಗೆ ಅಡ್ಡ ಹಾಕಿದ ಕೋಲಿನ ಗೇಟಿನ, ಕೋಲು ಸರಿಸುವ ಸದ್ದು. ದಣಪೆ ಸರಿಸಿದರು ಅಂದರೆ ಬಂದದ್ದು ನಮ್ಮ ಮನೆಗೇ. ನೇರ ಹೋದರೆ ಸದ್ದಿನ ಶ್ರುತಿಯೇ ಇಳಿಯುತ್ತದೆ. ಇದು ಶಾಲೆಯಲ್ಲಿ ಓದಿದ ಡಾಪ್ಲರ್ ಪರಿಣಾಮ. 60 ಕಿಲೋಮೀಟರ್ ವೇಗದ ಗಾಡಿ ಎದುರು ಬರುವಾಗ ಅದರ ಶ್ರುತಿ ಸುಮಾರು ಶೇಕಡಾ 5 ಏರಿರುತ್ತದೆ, ದಾಟಿದ ಮೇಲೆ ಅಷ್ಟೇ ಇಳಿಯುತ್ತದೆ. ಸಂಗೀತ ಬಾರದವರಿಗೂ ಈ ವ್ಯತ್ಯಾಸ ಗೊತ್ತಾಗುತ್ತದೆ.

ಕಣ್ಣಿನ ಕೆಲಸ ಮಲೆನಾಡಿನಲ್ಲಿ ಕಡಿಮೆ, ರಾತ್ರಿ ಮಾತ್ರ ಜಾಸ್ತಿ. ಏರು ಹತ್ತುವ ಗಾಡಿಯ ಹೆಡ್‌ಲೈಟ್ ಮೇಲ್ಮುಖವಾಗಿರುವುದರಿಂದ ಗಾಡಿ ಕಾಣುವ ಮೊದಲೇ ಮರದ ತುದಿಗಳು ಬೆಳಗುತ್ತವೆ. ತಿರುವಿನಲ್ಲಿ ಬೆಳಕು ಗೋಡೆಯ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ. ಎರಡು ದೀಪವೋ ಒಂದೋ, ಹಳದಿಯೋ ಎಲ್ಇಡಿಯ ಬಿಳಿಯೋ, ಎತ್ತರದಲ್ಲಿದೆಯೋ ತಗ್ಗಿನಲ್ಲಿದೆಯೋ, ಇಷ್ಟು ಸಾಕು. ಬಯಲುಸೀಮೆಯಲ್ಲಿ ಕಣ್ಣಿಗೆ ಹೆಚ್ಚು ಕೆಲಸ. ಗದಗ, ಬಾಗಲಕೋಟೆ ಕಡೆ ಎರೆಭೂಮಿಯ ನಡುವಿನ ಮಣ್ಣಿನ ದಾರಿಯಲ್ಲಿ ಬೇಸಿಗೆಯಲ್ಲಿ ಗಾಡಿ ಬಂದರೆ ಮೊದಲು ಕಾಣುವುದು ಧೂಳು. ಸಣ್ಣ ಧೂಳಿನ ಕಣ ಸೆಕೆಂಡಿಗೆ ಒಂದು ಸೆಂಟಿಮೀಟರ್ ಕೂಡ ಇಳಿಯುವುದಿಲ್ಲ, ಹಾಗಾಗಿ ಗಾಡಿ ಹೋಗಿ ಎಷ್ಟೋ ಹೊತ್ತಾದರೂ ಅದರ ಬಾಲ ಹಾಗೇ ನಿಂತಿರುತ್ತದೆ. ಹೊಲದಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದವರು ತಲೆ ಎತ್ತಿದಾಗ ಗಾಡಿ ಕಾಣದಿದ್ದರೂ ಎತ್ತ ಹೋಯಿತು ಅಂತ ಹೇಳಬಲ್ಲರು.

ನಾಯಿಯ ಬಗ್ಗೆ ಹೇಳದಿದ್ದರೆ ಯಾರೂ ಒಪ್ಪುವುದಿಲ್ಲ. ನಮಗೆ ಹೆಚ್ಚೆಂದರೆ 20,000 ಹರ್ಟ್ಝ್ ತನಕ ಕೇಳಿದರೆ ನಾಯಿಗೆ ಸುಮಾರು 45,000 ತನಕ ಕೇಳುತ್ತದೆ. ಅದಕ್ಕೇ ದೂರದ ಗಾಡಿ ಅದಕ್ಕೆ ಮೊದಲು ತಿಳಿಯುತ್ತದೆ ಅಂತ ಹೇಳುವುದುಂಟು. ಇದು ಪೂರ್ತಿ ಸರಿಯಲ್ಲ, ಯಾಕೆಂದರೆ ಅಷ್ಟು ಕೀರಲು ಸದ್ದು ಗಾಳಿಯಲ್ಲಿ ಸ್ವಲ್ಪ ದೂರಕ್ಕೇ ಸತ್ತುಹೋಗುತ್ತದೆ. ಮನುಷ್ಯರು ಕೇಳುವ ಮಟ್ಟದಲ್ಲೇ, ಕೆಲವು ಸಾವಿರ ಹರ್ಟ್ಝ್ ಆಸುಪಾಸಿನಲ್ಲಿ ನಾಯಿಗೆ ನಮಗಿಂತ ಸಣ್ಣ ಸದ್ದು ಸಿಗುತ್ತದೆ. ಅದರ ಜೊತೆಗೆ ಅದು ಮಾತಾಡುತ್ತಾ ಕೂತಿರುವುದಿಲ್ಲ, ಟಿವಿ ನೋಡುವುದಿಲ್ಲ. ಮನೆಯವರ ಗಾಡಿಗೆ ಬಾಲ, ಬೇರೆಯವರದ್ದಕ್ಕೆ ಬೊಗಳು ಅನ್ನುವ ವಿಂಗಡಣೆಯನ್ನೂ ಅದೇ ಮಾಡಿಕೊಡುತ್ತದೆ. ಬೆಕ್ಕು ಎಲ್ಲ ಗಾಡಿಗೂ ಉದಾಸೀನ, ಕರಾವಳಿಯಿಂದ ಬರುವ ಮೀನಿನವನ ಹಾರ್ನ್ ಒಂದನ್ನು ಬಿಟ್ಟು.

ಇಷ್ಟೆಲ್ಲಾ ಸದ್ದು, ಬೆಳಕು ಬಂದರೂ ಅದನ್ನು ಗಮನಿಸುವುದು ಮಿದುಳು ತಾನೇ. ದಿನವಿಡೀ ಕೇಳುವ ಸದ್ದನ್ನು ಮಿದುಳು ಬೇಗ ಬದಿಗೆ ಸರಿಸುತ್ತದೆ, ಹೊಸದು ಬಂದರೆ ಎಚ್ಚರಗೊಳ್ಳುತ್ತದೆ. ಜೊತೆಗೆ, ನಮಗೆ ಸಂಬಂಧಪಟ್ಟ ಸದ್ದಿಗೆ ಬಾಗಿಲು ತೆರೆದೇ ಇಡುತ್ತದೆ. 1959ರಲ್ಲಿ ನೆವಿಲ್ ಮೋರೇ ಅನ್ನುವ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಮಾಡಿದರು. ಎರಡು ಕಿವಿಗೆ ಬೇರೆ ಬೇರೆ ಮಾತು ಕೇಳಿಸಿ, ಒಂದನ್ನು ಮಾತ್ರ ಗಮನಿಸಿ ಅಂದರು. ಗಮನಿಸದ ಕಿವಿಯಲ್ಲಿ ಏನು ಹೇಳಿದರೂ ಹೆಚ್ಚಿನದು ತಲೆಗೆ ಹೋಗಲಿಲ್ಲ, ಆದರೆ ಅವರದೇ ಹೆಸರು ಬಂದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಕೇಳಿಸಿತು. ನಿದ್ದೆಯಲ್ಲೂ ಹೀಗೇ, ಗುಡುಗಿಗೆ ಏಳದ ತಾಯಿ ಮಗು ಮುಲುಗಿದರೆ ಏಳುತ್ತಾಳೆ. ಪೇಟೆಯಿಂದ ರಾತ್ರಿ ಬರಬೇಕಾದ ಮಗನ ಬೈಕಿನ ಸದ್ದು ಎರಡು ಕಿಲೋಮೀಟರ್ ದೂರದಲ್ಲಿರುವಾಗಲೇ ಅಪ್ಪನಿಗೆ ಎಚ್ಚರ ಆಗುವುದೂ, ಅದಕ್ಕಿಂತ ಜೋರಾಗಿ ಹೋದ ಲಾರಿಗೆ ಎಚ್ಚರ ಆಗದಿರುವುದೂ ಈ ಕಾರಣಕ್ಕೇ.

ನಾನು ಮುಖ್ಯ ಅಂದುಕೊಂಡಿರುವ ಲೆಕ್ಕ ಇನ್ನೊಂದಿದೆ. ದಿನದಲ್ಲಿ ಎಚ್ಚರವಾಗಿರುವ ಹದಿನೈದು ಗಂಟೆಯಲ್ಲಿ 20 ಗಾಡಿ ಹೋದರೆ ಮುಕ್ಕಾಲು ಗಂಟೆಗೆ ಒಂದು ಆಯಿತು. ಅವುಗಳಲ್ಲಿ ಡೈರಿ ಗಾಡಿ, ಶಾಲೆಯ ವ್ಯಾನ್, ಬೆಳಗಿನ ಬಸ್, ಸಂಜೆಯ ಬಸ್, ಊರವರ ಬೈಕುಗಳು ತೆಗೆದರೆ ಉಳಿಯುವುದು ಎರಡೋ ಮೂರೋ. ಆ ಎರಡು ಮೂರನ್ನು ಗಮನಿಸದೆ ಇರುವುದೇ ಕಷ್ಟ! ಅದೇ ರಸ್ತೆಯಲ್ಲಿ 1800 ಗಾಡಿ ಹೋದರೆ ಅರ್ಧ ನಿಮಿಷಕ್ಕೆ ಒಂದು. ಆಗ ಎಂಥಾ ಕುತೂಹಲದ ಮನುಷ್ಯನೂ ತಲೆ ಎತ್ತುವುದನ್ನು ಬಿಡುತ್ತಾನೆ. ಹೆದ್ದಾರಿ ಬದಿಯ ಹಳ್ಳಿಗಳಲ್ಲಿ ಇದನ್ನು ಕಾಣಬಹುದು, ಅಲ್ಲಿ ಜಗಲಿಯಲ್ಲಿ ಕೂತವರು ರಸ್ತೆಗೆ ಬೆನ್ನು ಹಾಕಿ ಕೂರುತ್ತಾರೆ.

ಕಡಿಮೆ ಗಾಡಿ ಇರುವ ಕಡೆ ಇನ್ನೊಂದು ಸಾಧ್ಯವಾಗುತ್ತದೆ, ಬಾರದೇ ಇದ್ದ ಗಾಡಿಯೂ ಗೊತ್ತಾಗುತ್ತದೆ. "ಏಳೂವರೆ ಬಸ್ಸು ಮೇಲೆ ಹೋಗಲೇ ಇಲ್ಲ" ಅಂತ ಯಾರಾದರೂ ಹೇಳಿದರೆ ಘಟ್ಟದಲ್ಲಿ ಮರ ಬಿದ್ದಿರಬಹುದು, ಬಸ್ ಕೆಟ್ಟಿರಬಹುದು, ಬಂದ್ ಇರಬಹುದು ಅಂತ ಮಾತು ಶುರುವಾಗುತ್ತದೆ. ಕಾದ ಸದ್ದು ಬಾರದಿದ್ದರೆ ಮಿದುಳು ಅದನ್ನೂ ಒಂದು ಘಟನೆ ಅಂತಲೇ ತೆಗೆದುಕೊಳ್ಳುತ್ತದೆ. ಪೇಟೆಯಲ್ಲಿ ಇಂಥದ್ದು ಆಗುವ ಸಾಧ್ಯತೆಯೇ ಇಲ್ಲ, ಒಂದು ಬಸ್ ಬರಲಿಲ್ಲ ಅನ್ನುವುದು ನಿಲ್ದಾಣದಲ್ಲಿ ನಿಂತವರಿಗೆ ಮಾತ್ರ ಗೊತ್ತು.

ಗಾಡಿಯ ಸಂಖ್ಯೆ ಇದನ್ನೆಲ್ಲಾ ಹೇಗೆ ಬದಲಾಯಿಸುತ್ತದೆ ಅನ್ನುವುದಕ್ಕೆ ಶರಾವತಿ ಹಿನ್ನೀರಿನ ಆಚೆಯ ತುಮರಿ ಸೀಮೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಆ ಕಡೆಯ ಊರುಗಳು ಸಾಗರದಿಂದ ನೀರಿನಾಚೆ ಉಳಿದವು. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಜನ, ಗಾಡಿ ಎರಡನ್ನೂ ಲಾಂಚ್ ದಾಟಿಸುತ್ತಿತ್ತು. ಸಿಗಂದೂರು ದೇವಸ್ಥಾನಕ್ಕೆ ಹೋದವರಿಗೆಲ್ಲ ಆ ಲಾಂಚ್ ನೆನಪಿರುತ್ತದೆ. ಲಾಂಚಿನಲ್ಲಿ ಬಂದ ಗಾಡಿಗಳು ದಡದಲ್ಲಿ ಒಟ್ಟಿಗೆ ಇಳಿಯುವುದರಿಂದ ರಸ್ತೆಯಲ್ಲೂ ಗುಂಪಾಗಿ ಸಾಗುತ್ತಿದ್ದವು, ಆಮೇಲೆ ಮುಂದಿನ ಲಾಂಚಿನ ತನಕ ಖಾಲಿ. ರಸ್ತೆಯ ಸದ್ದಿಗೇ ಒಂದು ವೇಳಾಪಟ್ಟಿ ಇತ್ತು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಆ ದಾರಿಯಿಂದ ಹೊರಗಿನವರು ಬರುವುದು ನಿಂತುಹೋಗುತ್ತಿತ್ತು. ಆಮೇಲೆ ಕೇಳಿದ ಗಾಡಿ ಒಳಗಿನದ್ದೇ ಅಂತ ಹೆಚ್ಚುಕಡಿಮೆ ಖಾತ್ರಿ. 2025ರ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆ ಆಯಿತು. ರಾತ್ರಿ ಕಾಯಿಲೆ ಬಿದ್ದವರನ್ನು ಸಾಗರಕ್ಕೆ ಸಾಗಿಸುವ ಕಷ್ಟ ಕಂಡವರಿಗೆ ಈ ಸೇತುವೆ ಎಷ್ಟು ದೊಡ್ಡದು ಅಂತ ಬೇರೆ ಹೇಳಬೇಕಿಲ್ಲ. ಅದರ ಜೊತೆಗೆ, ರಾತ್ರಿ ಹತ್ತಕ್ಕೆ ಹೋದ ಕಾರು ಯಾರದ್ದು ಅನ್ನುವ ಪ್ರಶ್ನೆಗೆ ಈಗ ಉತ್ತರ ಇಲ್ಲ, ಎಲ್ಲಿಂದ ಬೇಕಾದರೂ ಬಂದಿರಬಹುದು.

ಈ ಗಮನಕ್ಕೆ ಉಪಯೋಗ ಇಲ್ಲ ಅಂದುಕೊಳ್ಳಬೇಡಿ. ಅಡಿಕೆ ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ಲಕ್ಷಗಟ್ಟಲೆ ಬೆಲೆಯ ಅಡಿಕೆ ಒಣಗುತ್ತಿರುತ್ತದೆ. ಹಿಂದೆ ರಾತ್ರಿ ಹನ್ನೆರಡರ ತನಕ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು, ಅವರೇ ಕಾವಲು. ಈಗ ಎಷ್ಟೋ ಮನೆಯಲ್ಲಿ ಸುಲಿಯುವ ಯಂತ್ರ ಬಂದಿದೆ, ಅದು ಓಡುವಾಗ ಬೇರೇನೂ ಕೇಳುವುದಿಲ್ಲ. ಕೆಎ 15 ಸಾಗರ, ಕೆಎ 31 ಶಿರಸಿ ಅಂತ ನಂಬರ್ ಪ್ಲೇಟ್ ಓದುವ ಅಭ್ಯಾಸ ಇಲ್ಲಿ ಮಕ್ಕಳಿಗೂ ಇದೆ. ಗಾಡಿ ನಿಧಾನ ಮಾಡಿದ್ದು, ಒಂದೇ ದಾರಿಯಲ್ಲಿ ಎರಡು ಸಲ ಹೋಗಿಬಂದಿದ್ದು, ದೀಪ ಆರಿಸಿಕೊಂಡು ಹೋಗಿದ್ದು, ಇವೆಲ್ಲ ಕಳ್ಳತನ ಆದಮೇಲೆ ಪೊಲೀಸರಿಗೆ ನಿಜವಾಗಿಯೂ ಬೇಕಾಗುವ ಮಾಹಿತಿ.

ಆದರೆ "ಹೊಸ ಗಾಡಿ ಬಂತು" ಅನ್ನುವುದರಿಂದ "ಕಳ್ಳರು ಬಂದರು" ಅನ್ನುವುದಕ್ಕೆ ಹೋಗಲು ಜನಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಆಗಿದ್ದು ಇದೇ. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಗೆಳೆಯರು ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅನ್ನುವ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುರ್ಕಿಗೆ ತಲುಪಿತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ಕಾದಿದ್ದ ಗುಂಪು ಅವರನ್ನು ಹೊಡೆಯಿತು, ಒಬ್ಬ ಯುವ ಇಂಜಿನಿಯರ್ ಸತ್ತರು. ಗಾಡಿ ಹೊರಗಿನದ್ದು ಅಂತ ಕಿವಿ ಕಣ್ಣು ಹೇಳಿದ್ದು ನಿಜವೇ ಇತ್ತು, ಅದರಿಂದಾಚೆಗೆ ಜನ ಸೇರಿಸಿಕೊಂಡಿದ್ದೆಲ್ಲ ಸುಳ್ಳು. ಜಗಲಿಯಲ್ಲಿ ಕೂತು "ಯಾರಿರಬಹುದು?" ಅಂತ ಊಹಿಸುವಾಗ ಪಕ್ಕದವರು "ಅಯ್ಯೋ, ಅದು ಮೇಲಿನಮನೆ ಅಳಿಯನ ಕಾರು" ಅಂತ ತಿದ್ದುತ್ತಾರೆ. ಫೋನಿನ ಗುಂಪಿನಲ್ಲಿ ತಿದ್ದುವವರು ಬರುವಷ್ಟರಲ್ಲಿ ಸುದ್ದಿ ನಾಲ್ಕು ಊರು ದಾಟಿರುತ್ತದೆ.

ಕಿವಿ ಕೂಡ ತಪ್ಪುವುದುಂಟು. ಸದ್ದು ಯಾವ ಕಡೆಯಿಂದ ಬಂತು ಅನ್ನುವುದನ್ನು ಮಿದುಳು ಕಂಡುಹಿಡಿಯುವುದು ಎರಡೂ ಕಿವಿಗೆ ಅದು ತಲುಪಿದ ಸಮಯದ ವ್ಯತ್ಯಾಸದಿಂದ, ಹೆಚ್ಚೆಂದರೆ ಅದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ನೇರ ಎದುರಿನದ್ದು ಮತ್ತು ನೇರ ಹಿಂದಿನದ್ದಕ್ಕೆ ಈ ವ್ಯತ್ಯಾಸ ಒಂದೇ ಆಗುವುದರಿಂದ ಗಲಿಬಿಲಿ. ಜನ ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳುವುದು ಇದನ್ನು ಬಗೆಹರಿಸಲು. ಕಣಿವೆಯಲ್ಲಿ ಎದುರು ಗುಡ್ಡಕ್ಕೆ ಬಡಿದು ಬಂದ ಸದ್ದು ಮೊದಲು ಕೇಳಿದರೆ ಗಾಡಿ ಬರುವ ದಿಕ್ಕೇ ಉಲ್ಟಾ ಅನ್ನಿಸುತ್ತದೆ. ಗಾಳಿ ಬೀಸುವ ದಿನ ಗಾಳಿಯ ಕಡೆಯಿಂದ ಬರುವ ಗಾಡಿ ಬೇಗ ಕೇಳುತ್ತದೆ, ಇನ್ನೊಂದು ಕಡೆಯದ್ದು ಎದುರಿಗೆ ಬಂದ ಮೇಲೆಯೇ. ಮನೆಗೆ ಎರಡೂ ಕಡೆಯ ರಸ್ತೆ ಅಷ್ಟೇ ದೂರ ಇದ್ದರೂ ಹೀಗಾಗುತ್ತದೆ.

ಇನ್ನು ಮುಂದೆ ಇದು ಎಷ್ಟು ದಿನ ನಡೆಯುತ್ತದೆ ಅನ್ನುವುದು ಬೇರೆ ಮಾತು. ಹೊಸ ಬೈಕುಗಳೆಲ್ಲ ಒಂದೇ ತರಹ ಕೇಳತೊಡಗಿವೆ. 2020ರ ಏಪ್ರಿಲ್‌ನಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಕಾರ್ಬುರೇಟರ್ ಹೋಗಿ ಎಲ್ಲದಕ್ಕೂ ಇಂಜೆಕ್ಷನ್ ಬಂತು, ಕೆಮ್ಮುವ ಗಾಡಿಗಳು ಕಡಿಮೆಯಾದವು. ಈಗ ಎಲೆಕ್ಟ್ರಿಕ್ ಸ್ಕೂಟರುಗಳು ಹಳ್ಳಿಗೂ ಬರುತ್ತಿವೆ. ಮೋಟರಿನಲ್ಲಿ ಸಿಡಿತವೇ ಇಲ್ಲ, ದೂರದಿಂದ ಬರುವ ಆ ದಪ್ಪ ಗುಂಯ್ ಅದರಲ್ಲಿ ಇಲ್ಲವೇ ಇಲ್ಲ. ಯುರೋಪಿನಲ್ಲಿ ಹೊಸ ಎಲೆಕ್ಟ್ರಿಕ್ ಕಾರುಗಳು ನಿಧಾನ ಹೋಗುವಾಗ, ಗಂಟೆಗೆ 20 ಕಿಲೋಮೀಟರ್ ತನಕ, ಬೇಕೆಂದೇ ಸದ್ದು ಮಾಡಬೇಕು ಅಂತ ಕಾನೂನು ಇದೆ. 2021ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯ. ಅದು ರಸ್ತೆ ದಾಟುವವರಿಗೆ, ಕಣ್ಣು ಕಾಣದವರಿಗೆ ಅಂತ ಮಾಡಿದ್ದು, ಹತ್ತಿರ ಇರುವವರಿಗೆ ಕೇಳಿದರೆ ಅದಕ್ಕೆ ಸಾಕು. ಒಂದು ಕಿಲೋಮೀಟರ್ ಆಚೆ ಜಗಲಿಯಲ್ಲಿ ಕೂತವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅವರಿಗೆ ಉಳಿಯುವುದು ಟಯರಿನ ಸದ್ದು. ಅದೂ ಕಡಿ ರಸ್ತೆಯಲ್ಲಾದರೆ ಚೆನ್ನಾಗಿ ಕೇಳುತ್ತದೆ, ಹೊಸ ಟಾರಿನ ಮೇಲೆ ಕಡಿಮೆ, ಮಳೆ ನಿಂತು ರಸ್ತೆ ಒದ್ದೆ ಇರುವಾಗ ಸರ್ ಅಂತ ಮತ್ತೆ ಜಾಸ್ತಿ. ಹಾಲಿನ ಕ್ಯಾನ್ ಕಟ್ಟಿಕೊಂಡ ಎಲೆಕ್ಟ್ರಿಕ್ ಸ್ಕೂಟರ್ ಮಾತ್ರ ಸುಲಭವಾಗಿ ಸಿಕ್ಕಿಬೀಳುತ್ತದೆ, ಕ್ಯಾನಿಗೆ ಬಿಎಸ್ 6 ಇನ್ನೂ ಬಂದಿಲ್ಲವಲ್ಲ.